ಡ್ರಿಪ್‌ನ ಚಕ್ರಕ್ಕೆ ಕೈ ಹಾಕಬೇಡಿ

ಮಾನ್ಯ ಸಂಪಾದಕರೇ,

ಬಿಸಿಲು ಏರಿತೆಂದರೆ ವಾಂತಿಭೇದಿಯಾಗಿ ಮೈಯ ನೀರೆಲ್ಲ ಹೋದವರು ಹಾಸನದ ಆಸ್ಪತ್ರೆಗಳಿಗೆ ಬರುತ್ತಾರೆ. ಜೊತೆಗೆ ಬಂದವರ ಮೊದಲ ಮಾತು, ‘ಒಂದು ಗ್ಲೂಕೋಸ್ ಹಾಕಿಬಿಡಿ, ಶಕ್ತಿ ಬರಲಿ’ ಎಂದು. ನೇತುಹಾಕುವ ಬಾಟಲಿಯಲ್ಲಿ ಎಷ್ಟೋ ಸಲ ಗ್ಲೂಕೋಸೇ ಇರುವುದಿಲ್ಲ. ಎನ್‌ಎಸ್ ಎಂದರೆ ಉಪ್ಪುನೀರು, 500 ಮಿ.ಲೀ.ಗೆ 4.5 ಗ್ರಾಂ ಉಪ್ಪು. ಆರ್‌ಎಲ್‌ (ರಿಂಗರ್ ಲ್ಯಾಕ್ಟೇಟ್) ಬಾಟಲಿಯಲ್ಲಿ ಉಪ್ಪಿನ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇರುತ್ತವೆ. ಡಿಎನ್‌ಎಸ್‌, ಅಂದರೆ ಗ್ಲೂಕೋಸ್ ಬೆರೆತ ಉಪ್ಪುನೀರಿನಲ್ಲಿ, ಗ್ಲೂಕೋಸ್ ಇದ್ದರೂ ಅರ್ಧ ಲೀಟರಿಗೆ 25 ಗ್ರಾಂ, ಐದಾರು ಚಮಚ ಸಕ್ಕರೆಯಷ್ಟು. ಹೋದ ನೀರು, ಲವಣ ತುಂಬಿಕೊಡುವುದೇ ಡ್ರಿಪ್‌ನ ಕೆಲಸ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದ್ದರೆ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕದಡಿದ ಓಆರ್‌ಎಸ್ ಹೆಚ್ಚಿನವರಿಗೆ ಸಾಕು.

ಸೂಜಿ ಒಳಗೇ ಇದೆಯೆಂದು ಹೆದರಿ ಕೆಲವರು ರಾತ್ರಿಯೆಲ್ಲ ಕೈ ಅಲುಗಿಸುವುದಿಲ್ಲ. ಉಕ್ಕಿನ ಸೂಜಿಯನ್ನು ಆಗಲೇ ತೆಗೆದಿರುತ್ತೇವೆ. ರಕ್ತನಾಳದಲ್ಲಿ ಉಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಬೆರಳು ಧಾರಾಳವಾಗಿ ಆಡಿಸಿ. ಕೊಳವೆ ಇರುವ ಕಡೆ ಕೈ ಮಡಚಿದರೆ ಹನಿ ನಿಲ್ಲುತ್ತದೆ, ಅಷ್ಟೇ.

ನಮಗೆ ನಿಜವಾಗಿ ಭಯವಾಗುವುದು ಹನಿಯ ವೇಗ ಹೆಚ್ಚುಕಡಿಮೆ ಮಾಡುವ, ಟ್ಯೂಬಿನ ಮೇಲಿನ ಪುಟ್ಟ ಚಕ್ರದ ವಿಷಯದಲ್ಲಿ. ಅರಸೀಕೆರೆಗೋ ಆಲೂರಿಗೋ ಕೊನೆ ಬಸ್ಸು ತಪ್ಪುತ್ತದೆಂದು ಮನೆಯವರು ಅದನ್ನು ಪೂರ್ತಿ ಬಿಟ್ಟುಬಿಡುತ್ತಾರೆ. 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಬೇಕೆಂದರೆ, ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ತೀರಾ ಬಸವಳಿದು ಬಿಪಿ ಇಳಿದವರಿಗೆ ಮೊದಲ ಬಾಟಲಿಗಳನ್ನು ನಾವೇ ಜೋರಾಗಿ ಬಿಡುತ್ತೇವೆ. ಅದನ್ನು ಕಂಡು ಪಕ್ಕದ ಹಾಸಿಗೆಯವರೂ ತಮ್ಮ ಚಕ್ರ ತಿರುಗಿಸುವುದುಂಟು. ಹೃದಯ, ಕಿಡ್ನಿ ಸೋತವರಿಗೆ ಹಾಗೆ ನುಗ್ಗಿದ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟುತ್ತದೆ. ಬಾಟಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ್ದರಂತೂ, ವೇಗ ಹೆಚ್ಚಿದಾಗ ಎದೆಬಡಿತ ಏರುಪೇರಾಗಿ ನಿಂತೇ ಹೋಗಬಹುದು. ಬೆರೆಸಿದ ಮೇಲೂ ಅದು ತಿಳಿನೀರಿನಂತೆಯೇ ಕಾಣುವುದು.

ಕೊಳವೆಯ ಸುತ್ತ ಊದಿ ತಣ್ಣಗಾದರೆ, ದ್ರವ ನಾಳ ಬಿಟ್ಟು ಚರ್ಮದಡಿ ಸೇರುತ್ತಿದೆ ಎಂದರ್ಥ. ಉಜ್ಜಬೇಡಿ, ನರ್ಸನ್ನು ಕರೆಯಿರಿ. ನಡುಕ, ಕೆಮ್ಮು, ಉಸಿರಾಟಕ್ಕೆ ತ್ರಾಸ ಕಂಡರೆ ಚಕ್ರ ಮುಚ್ಚಿ ಕೂಗಿ ಕರೆಯಿರಿ. ಚಕ್ರ ಮುಟ್ಟಬೇಕಾದದ್ದು ಆಗ ಮಾತ್ರ. ಬಚ್ಚಲಿಗೆ ಹೋಗುವಾಗ ಬಾಟಲಿ ಕೈಗಿಂತ ಕೆಳಗಿಳಿದರೆ ಟ್ಯೂಬಿನೊಳಗೆ ರಕ್ತ ಏರುತ್ತದೆ. ಗಾಬರಿಯಾಗದೆ ಬಾಟಲಿ ಎತ್ತಿ ಹಿಡಿಯಿರಿ, ಆಮೇಲೆ ನಮಗೆ ತೋರಿಸಿ.

ಮೂತ್ರ ಎಷ್ಟು ಹೋಯಿತೆಂದು ಅಳೆದು ಹೇಳಿದರೆ ಬಹಳ ಉಪಕಾರ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಯಾದರೂ ಬರಬೇಕು. ಬಸ್ಸಿನ ಚಿಂತೆಯಿದ್ದರೆ ಸಂಕೋಚವಿಲ್ಲದೆ ತಿಳಿಸಿ. ವಾಂತಿ ನಿಂತು, ಮೂತ್ರ ಸರಿಯಾಗಿ ಹೋಗಿ, ಕುಡಿಯಲು ಆಗುತ್ತಿದ್ದರೆ ಡ್ರಿಪ್ ತೆಗೆದು ಓಆರ್‌ಎಸ್ ಕೊಟ್ಟು ಕಳಿಸಬಹುದೇ ಎಂದು ವೈದ್ಯರನ್ನು ಕೇಳುತ್ತೇವೆ.

– ವಾರ್ಡ್ ನರ್ಸ್‌ಗಳು, ಹಾಸನ