ಗುಂಡುತೋಪಿನ ಲಂಟಾನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಶಾಲೆಯ ಹಿಂದಿನ ಗುಂಡುತೋಪಿನಲ್ಲಿ ಹುಣಸೆ, ಹೊಂಗೆ ಮರಗಳ ಬುಡಕ್ಕೆ ಹೋಗಲು ಈಗ ದಾರಿಯೇ ಇಲ್ಲ. ಲಂಟಾನ ಎಂಬ ಮುಳ್ಳುಪೊದೆ ಆಳೆತ್ತರ ಬೆಳೆದಿದೆ. ಅದರಡಿ ಹುಲ್ಲು ಏಳುತ್ತಿಲ್ಲ, ಹೊಂಗೆಯ ಒಂದು ಸಸಿಯೂ ಕಾಣುತ್ತಿಲ್ಲ. ಹಳೆಯ ಮರಗಳು ಬಿದ್ದರೆ ಆ ಜಾಗಕ್ಕೆ ಬರುವ ಮರ ಯಾವುದು ಎಂಬುದೇ ನನ್ನ ಚಿಂತೆ. ಪಂಚಾಯಿತಿ ಒಪ್ಪಿದೆ. ಬರುವ ಶನಿವಾರ ಬೆಳಿಗ್ಗೆ ಎಂಟಕ್ಕೆ ಕೀಳುವ ಕೆಲಸ ಆರಂಭಿಸುತ್ತೇವೆ; ತಾವೂ ಬರಬೇಕು.

ಬ್ರಿಟಿಷರ ಕಾಲದಲ್ಲಿ ಅಮೆರಿಕದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದ ಗಿಡವಿದು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಹಿರಿಯರು, ನೆಲದ ಒಣ ತರಗೆಲೆ ಸುಡಲು ತಾವು ಹಿಂದೆ ಹಾಕುತ್ತಿದ್ದ ಸಣ್ಣ ‘ತರಗು ಬೆಂಕಿ’ ನಿಂತ ಮೇಲೆಯೇ ಲಂಟಾನ ಕಾಡನ್ನು ಮುಚ್ಚಿತು ಎನ್ನುತ್ತಾರೆ. ಕಾಡನ್ನು ಬಲ್ಲವರ ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಬೆಳೆದು ನಿಂತ ಪೊದೆಗೆ ಈಗ ಬೆಂಕಿ ಇಟ್ಟರೆ ಮರಗಳೂ ಸುಡುತ್ತವೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ದಯವಿಟ್ಟು ಯಾರೂ ಬೆಂಕಿ ಹಚ್ಚಬೇಡಿ.

ಮಚ್ಚಿನಿಂದ ಸವರಿದರೂ ಇದೇ ಕಥೆ. ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಎರಡು ಅಂಗುಲ ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮಣ್ಣಿಗೆ ತಾಗದಂತೆ ತಲೆಕೆಳಗಾಗಿ ಒಣಹಾಕಬೇಕು. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕಾಯಿ ಹಣ್ಣಾಗುವ ಮೊದಲೇ ಇದು ಮುಗಿಯಬೇಕು. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಹಾಗಾಗಿ ಮರದಡಿಯ ಎಳೆ ಲಂಟಾನ ಸಸಿಗಳನ್ನು ಹುಡುಕಿ ಕೀಳುವ ಕೆಲಸವನ್ನು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ವಹಿಸಿದ್ದೇವೆ. ಗುದ್ದಲಿ, ಹಾರೆ ದೊಡ್ಡವರ ಕೈಯಲ್ಲೇ ಇರಲಿ.

ಗುರುತು ಹಿಡಿಯುವುದನ್ನು ಮಕ್ಕಳು ಕಲಿತಿದ್ದಾರೆ, ಮನೆಯಲ್ಲಿ ಕೇಳಿ ನೋಡಿ. ನಾಲ್ಕು ಮೂಲೆಯ ಕಾಂಡ, ಅದರ ಮೇಲೆ ಬಾಗಿದ ಪುಟ್ಟ ಮುಳ್ಳು, ಎದುರುಬದುರಾದ ಒರಟು ಎಲೆ. ಎಲೆ ಉಜ್ಜಿದರೆ ಘಾಟು ವಾಸನೆ. ಒಂದೇ ಗೊಂಚಲಿನ ನಡುವೆ ಹಳದಿ ಹೂ, ಅಂಚಿನಲ್ಲಿ ಗುಲಾಬಿ. ಖಚಿತವಾಗದ ಗಿಡವನ್ನು ಮುಟ್ಟುವಂತಿಲ್ಲ; ತೋಪಿನಲ್ಲಿ ನಮ್ಮದೇ ಕವಳೆ, ತಂಗಡಿ ಗಿಡಗಳೂ ಉಳಿದಿವೆ.

ಕಿತ್ತ ಸೊಪ್ಪನ್ನು ದನ, ಕುರಿಗಳಿಗೆ ಹಾಕಬೇಡಿ, ಅವುಗಳ ಯಕೃತ್ತು ಕೆಡುತ್ತದೆ. ಹಸಿರು ಕಾಯಿ ವಿಷಕಾರಿ. ಚಿಕ್ಕ ಮಕ್ಕಳ ಮೇಲೆ ಕಣ್ಣಿರಲಿ. ಪೊದೆಯಲ್ಲಿ ಹಾವಿರಬಹುದು, ಆದ್ದರಿಂದ ತುಂಬುತೋಳಿನ ಅಂಗಿ, ಪ್ಯಾಂಟು, ಬೂಟು ಹಾಕಿಸಿ ಕಳುಹಿಸಿ.

ಒಮ್ಮೆ ಕಿತ್ತರೆ ಸಾಲದು. ಮಣ್ಣಿನಲ್ಲಿರುವ ಬೀಜ ಮುಂದಿನ ಮಳೆಗೂ ಮೊಳೆಯುತ್ತದೆ, ಆಗಲೂ ನಿಮ್ಮನ್ನು ಕರೆಯುತ್ತೇನೆ. ತೆರವಾದ ಜಾಗದಲ್ಲಿ ಹೊಂಗೆ, ಹುಣಸೆ ಬೀಜ ಊರುತ್ತೇವೆ. ಮನೆಯಲ್ಲಿದ್ದರೆ ಕೊಟ್ಟು ಕಳುಹಿಸಿ. ಬರುವವರು ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ