ತೂಕಕ್ಕೆ ಹೋಗುವ ಅಡುಗೆ ಪುಸ್ತಕಗಳು

ಮಾನ್ಯ ಸಂಪಾದಕರೇ,

ಹಾಸನದ ಗುಜರಿ ಅಂಗಡಿಯೊಂದರಲ್ಲಿ ಈಚೆಗೆ ಹಳೆಯ ಅಡುಗೆ ಪುಸ್ತಕಗಳ ಕಟ್ಟೊಂದು ರದ್ದಿಯ ದರಕ್ಕೆ ತಕ್ಕಡಿ ಏರಿದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದಲ್ಲೇ ಪಾಕವಿದ್ಯೆಯನ್ನು ಷಟ್ಪದಿಯಲ್ಲಿ ಬರೆದಿಟ್ಟ ಭಾಷೆ ನಮ್ಮದು.

ಹಾಗೆಂದು ಹಳೆಯದೆಲ್ಲವೂ ಬೆಲೆಬಾಳುವುದಿಲ್ಲ. 1861ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಬಂದ ಮಿಸೆಸ್ ಬೀಟನ್ ಅವರ, ಬಹುಪಾಲು ಅಡುಗೆಯೇ ತುಂಬಿರುವ ಗೃಹನಿರ್ವಹಣೆಯ ಗ್ರಂಥವು ಎಷ್ಟೋ ಬಾರಿ ಮರುಮುದ್ರಣಗೊಂಡಿರುವುದರಿಂದ, ಮೊದಲ ಮುದ್ರಣಕ್ಕಿರುವ ಬೆಲೆ ನಂತರದ ಪ್ರತಿಗಳಿಗಿಲ್ಲ. ಕನ್ನಡ ಪುಸ್ತಕಗಳಲ್ಲಿ ಮುದ್ರಣದ ವರ್ಷವಿರುವ ಪುಟವೇ ಎಷ್ಟೋ ಸಲ ಹರಿದುಹೋಗಿರುತ್ತದೆ; ಆಗ ಬೆಲೆಯನ್ನು ಆಣೆಗಳಲ್ಲಿ ಅಚ್ಚುಹಾಕಿದ್ದರೆ ಅದು ಬಹುಮಟ್ಟಿಗೆ 1957ರಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದೆಂದೂ, ಅಳತೆಗಳು ಸೇರು, ಪಾವು, ತೊಲಗಳಲ್ಲಿದ್ದರೆ ಮೆಟ್ರಿಕ್ ಪದ್ಧತಿ ರೂಢಿಯಾಗುವ ಮೊದಲಿನದಿರಬಹುದೆಂದೂ ಊಹಿಸಬಹುದು (ಪಾವನ್ನು ನಮ್ಮ ಮನೆಯಲ್ಲಿ ಇಂದಿಗೂ ಬಿಟ್ಟಿಲ್ಲವೆನ್ನಿ). ಎಣ್ಣೆಯ ಕಲೆ, ಸಡಿಲಗೊಂಡ ಹೊಲಿಗೆ, ಕಳೆದುಹೋದ ರಕ್ಷಾಪುಟ ಇವೆಲ್ಲ ಬೆಲೆಯನ್ನು ತಗ್ಗಿಸುತ್ತವೆ. ಆದರೆ ಅಂಚಿನಲ್ಲಿ ಯಾರೋ ತಾಯಿ ಪೆನ್ಸಿಲಿನಿಂದ ‘ಮೆಣಸು ಇಷ್ಟು ಬೇಡ’ ಎಂದು ಬರೆದಿದ್ದರೆ, ವ್ಯಾಪಾರಿಯು ಅದನ್ನು ದೋಷವೆಂದರೂ ನಾನು ನಾಲ್ಕು ಕಾಸು ಹೆಚ್ಚೇ ಕೊಟ್ಟು ಕೊಳ್ಳುತ್ತೇನೆ.

ಹರಿದ ಪುಟಗಳಿಗೆ ದಯವಿಟ್ಟು ಸೆಲೋಟೇಪ್ ಹಚ್ಚಬೇಡಿ. ಅದರ ಅಂಟು ಕಾಲಕ್ರಮೇಣ ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ. ಹಳೆಯ ಮನೆಗಳನ್ನು ಖಾಲಿ ಮಾಡುವವರು ಗುಜರಿಯವರನ್ನು ಕರೆಯುವ ಮುನ್ನ ಇಂತಹ ಪುಸ್ತಕಗಳನ್ನು ಜಿಲ್ಲಾ ಗ್ರಂಥಾಲಯದವರಿಗೊಮ್ಮೆ ತೋರಿಸಲಿ, ಗ್ರಂಥಾಲಯವೂ ಅವುಗಳಿಗಾಗಿ ಒಂದು ಕಪಾಟನ್ನು ಮೀಸಲಿಡಲಿ ಎಂದು ಕೋರುತ್ತೇನೆ.

– ಓದುಗ, ಹಾಸನ