ಜ್ವರದ ಮಗು ಮಂಕಾದರೆ ಕಾಯಬೇಡಿ

ಮಾನ್ಯರೇ,

ಕೊಡಗಿನ ಮಳೆಗಾಲದಲ್ಲಿ ಮಕ್ಕಳಿಗೆ ಶೀತಜ್ವರ ಮಾಮೂಲು. ಆದರೆ ಇನ್‌ಫ್ಲುಯೆನ್ಜಾ (ಫ್ಲೂ) ಅಪರೂಪಕ್ಕೆ ಮಿದುಳಿಗೂ ಪೆಟ್ಟು ಕೊಡುತ್ತದೆ, ಹೆಚ್ಚಾಗಿ ಜ್ವರ ಶುರುವಾದ ಒಂದೆರಡು ದಿನದಲ್ಲೇ. ಕರೆದರೆ ಓಗೊಡದಿರುವುದು, ಅಮ್ಮನ ಗುರುತು ಹಿಡಿಯದಿರುವುದು, ಫಿಟ್ಸ್ ನಿಂತ ಮೇಲೂ ಮಂಪರು ಬಿಡದಿರುವುದು ಬರೀ ಸುಸ್ತಲ್ಲ. ಕೂಡಲೇ ಆಸ್ಪತ್ರೆಗೆ ಹೊರಡಿ. ತೋಟದ ಲೈನ್‌ಮನೆಯಿಂದ ಡಾಂಬರು ರಸ್ತೆ ಮುಟ್ಟಲೇ ಹೊತ್ತು ಬೇಕು.

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬಾಯಿಗೆ ಚಮಚ, ನೀರು ಬೇಡ. ಕೈಗೆ ಕಬ್ಬಿಣ ಕೊಡುವುದಂತೂ ದಂಡ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು: ತೂಕದ ಕೆ.ಜಿ.ಗೆ 15 ಮಿ.ಗ್ರಾಂ, 6 ಗಂಟೆಗೊಮ್ಮೆ. ಆಸ್ಪಿರಿನ್, ಮೆಫೆನಮಿಕ್ ಆಸಿಡ್ ಬೇಡವೇ ಬೇಡ. 6 ತಿಂಗಳು ತುಂಬಿದ ಮಕ್ಕಳಿಗೆ ಮಳೆಗೆ ಮುಂಚೆಯೇ ಫ್ಲೂ ಲಸಿಕೆ ಹಾಕಿಸಿ. ಚಿಕ್ಕವರಿಗೆ ಮೊದಲ ಸಲ 4 ವಾರಗಳ ಅಂತರದಲ್ಲಿ ಎರಡು ಡೋಸ್.

– ಮಕ್ಕಳ ವೈದ್ಯರು, ಮಡಿಕೇರಿ